ಒತ್ತೆ ಇಟ್ಟ ಸಲಿಕೆ

ಗೊರೇಬಾಳದ ಹನ್ನೊಂದನೆಯ ತೂಬಿಗೆ ನಾನು ನೀರಗಂಟಿಯಾಗಿದ್ದಷ್ಟು ಕಾಲ ಪಾಳಿ ತಪ್ಪಿಸಿ ಗದ್ದೆಗೆ ನೀರು ಬಿಟ್ಟುಕೊಂಡು ದಕ್ಕಿಸಿಕೊಂಡವನು ಒಬ್ಬನೂ ಇಲ್ಲ. ಊರಲ್ಲಿ ಈ ಮಾತನ್ನು ಇಂದಿಗೂ ಹೇಳುತ್ತಾರೆ. ‘ಪಂಪಣ್ಣನ ಪಾಳಿ ಅಂದರ ಪಾಳಿ’ ಅನ್ನುತ್ತಾರೆ. ಯಾರಾದರೂ ಹಾಗೆ ಶುರು ಮಾಡಿದರೆ ನಾನು ಎಮ್ಮೆಗೆ ಹುಲ್ಲು ಹಾಕುವ ನೆವ ಹೇಳಿ ಎದ್ದು ಹೋಗುತ್ತೇನೆ. ಹುಲ್ಲು ತಿಂದು ತಿಂದು ಎಮ್ಮೆಗೂ ಸಾಕಾಗಿರಬೇಕು. ಯಾಕೆ ಎದ್ದು ಹೋಗುತ್ತೇನೆ ಎಂದು ಈವರೆಗೆ ಯಾರಿಗೂ ಹೇಳಿಲ್ಲ, ಈಗ ಹೇಳುತ್ತೇನೆ.

ತುಂಗಭದ್ರೆಯ ನೀರು ಕಾಲುವೆಯಲ್ಲಿ ಬಂದು ನಮ್ಮ ಕಡೆ ಮುಟ್ಟಿದ ಮೇಲೆ ಜೋಳ ಬಿತ್ತುತ್ತಿದ್ದವರೆಲ್ಲ ಭತ್ತ ಹಚ್ಚಿದರು. ನೀರು ಎಲ್ಲರಿಗೂ ಬೇಕು, ಎಲ್ಲರಿಗೂ ಒಟ್ಟಿಗೆ ಸಿಗುವುದಿಲ್ಲ. ಅದಕ್ಕೇ ಪಾಳಿ. ಇಂಥವನಿಗೆ ಇಂಥ ವಾರ, ಇಷ್ಟು ತಾಸು ಎಂದು ಗೊತ್ತು ಮಾಡಿ ತೂಬು ತೆಗೆಯುವುದು, ಮುಚ್ಚುವುದು, ಜಗಳ ಬಿಡಿಸುವುದು ನೀರಗಂಟಿಯ ಕೆಲಸ. ಜಗಳ ಬಿಡಿಸುವುದಕ್ಕಿಂತ ಆಡುವುದರಲ್ಲಿ ನಾನು ಜಾಣ. ಹೆಗಲ ಮೇಲೆ ಯಾವಾಗಲೂ ಸಲಿಕೆ ಇರುತ್ತಿತ್ತು. ಜಾಲಿ ಕಟ್ಟಿಗೆಯ ಕಾವು, ಕಾವಿನ ಮೇಲೆ ಕಾದ ಕಬ್ಬಿಣದಿಂದ ಸುಟ್ಟ ನನ್ನ ಗುರುತು. ಸಂತೆಗೆ ಹೋದರೂ ಮದುವೆಗೆ ಹೋದರೂ ಅದು ಜೊತೆಗೆ. ಹೆಂಡತಿಯನ್ನು ಬಿಟ್ಟರೂ ಬಿಟ್ಟಾನು, ಸಲಿಕೆ ಬಿಡುವವನಲ್ಲ ಎಂದು ಜನ ನಗುತ್ತಿದ್ದರು.

ಪಾಳಿಯನ್ನು ಅದಲುಬದಲು ಮಾಡಿಕೊಳ್ಳಬಹುದು. ಒಬ್ಬನ ಸಸಿ ಬಾಡುತ್ತಿದೆ, ಅವನ ಪಾಳಿ ಶುಕ್ರವಾರ. ಪಕ್ಕದವನ ಪಾಳಿ ಇವತ್ತೇ, ಆದರೆ ಅವನಿಗೆ ಅವಸರವಿಲ್ಲ. ಇಬ್ಬರೂ ಒಪ್ಪಿದರೆ ಇವನ ದಿನ ಅವನಿಗೆ, ಅವನ ದಿನ ಇವನಿಗೆ. ಆದರೆ ಮೊದಲು ನೀರು ಪಡೆದವನು ತನ್ನ ಸಲಿಕೆಯನ್ನು ಕೊಟ್ಟವನ ಬದುವಿನ ಮೇಲೆ ಒತ್ತೆ ಇಡಬೇಕು. ಕೊಟ್ಟವನಿಗೆ ತಿರುಗಿ ನೀರು ಮುಟ್ಟಿದ ದಿನ ಅವನು ಆ ಸಲಿಕೆಯನ್ನು ತೂಬಿನ ಹತ್ತಿರ ನಾಲ್ಕು ಜನರ ಎದುರಿಗೆ ತಂದುಕೊಡಬೇಕು. ಆಗ ಯಾರಾದರೂ ಒಬ್ಬರು ‘ಪಾಳಿ ಮುಟ್ಟೈತೇನು?’ ಎಂದು ಕೇಳುತ್ತಾರೆ, ಅವನು ‘ಮುಟ್ಟೈತಿ’ ಅನ್ನುತ್ತಾನೆ. ಕಾಗದವಿಲ್ಲ, ಹೆಬ್ಬೆಟ್ಟಿಲ್ಲ. ಅಲ್ಲಿಗೆ ಮುಗಿಯಿತು.

ಒಮ್ಮೆ ನಮ್ಮೂರ ಮುದುಕಪ್ಪ ಇದರಲ್ಲೂ ಕೈಚಳಕ ತೋರಿಸಿದ. ಕಾಲುವೆ ಬಿರುಕು ಬಿಟ್ಟಿದೆ, ದುರಸ್ತಿಗೆ ಗುರುವಾರದಿಂದ ನೀರು ಬಂದ್ ಎಂದು ಅವನಿಗೆ ನೀರಾವರಿ ಕಚೇರಿಯಲ್ಲಿದ್ದ ಬೀಗರಿಂದ ಮೊದಲೇ ತಿಳಿದಿತ್ತು. ತನ್ನ ಶುಕ್ರವಾರದ ಪಾಳಿಯನ್ನು ಅಮರಮ್ಮ ಎಂಬ ವಿಧವೆಗೆ ಕೊಟ್ಟು ಅವಳ ಬುಧವಾರದ ಪಾಳಿಯನ್ನು ತೆಗೆದುಕೊಂಡ. ಅವಳ ಸಸಿ ನೆಲಕ್ಕೆ ಒರಗಿತು. ನನಗೆ ವಿಷಯ ಗೊತ್ತಾದಾಗ ತಲೆ ಕೆಟ್ಟುಹೋಯಿತು. ಸತ್ತ ಪಾಳಿ ಕೊಟ್ಟು ಜೀವಂತ ಪಾಳಿ ತಗೊಂಡಿಯಲ್ಲಲೇ ಎಂದು ಅವನ ಸಲಿಕೆಯನ್ನು ಅವನ ತಲೆಯ ಮೇಲೆ ಹೊರಿಸಿ, ನಡುಮಧ್ಯಾಹ್ನದ ಬಿಸಿಲಲ್ಲಿ ತೂಬಿನಿಂದ ಊರ ಅಗಸಿ ಬಾಗಿಲಿನವರೆಗೆ ನಡೆಸಿದೆ. ಹಿಂದೆ ನಾನು, ನನ್ನ ಹಿಂದೆ ಊರು. ಅವತ್ತಿನಿಂದ ಸುಳ್ಳು ಪಾಳಿ ಕೊಟ್ಟವನಿಗೆ ಸಲಿಕೆ ತಲೆಯ ಮೇಲೆ ಎಂಬುದು ನಮ್ಮ ತೂಬಿನ ಕಟ್ಟಳೆಯಾಯಿತು. ಆ ಕಟ್ಟಳೆ ಮಾಡಿದವನು ನಾನೇ.

ಮರುವರ್ಷ ಚಳಿಗಾಲದ ಎಳ್ಳಮಾಸೆ ಹಬ್ಬಕ್ಕೆ ಮುಂಚೆ ತೂಬಿನ ಚಕ್ರ ಕಚ್ಚಿಕೊಂಡಿತು. ಎಣ್ಣೆ ಬಿಟ್ಟು ಕಾಯುವ ತಾಳ್ಮೆ ನನಗೆಲ್ಲಿ? ಹಲ್ಲು ಕಚ್ಚಿ ಜಗ್ಗಿದೆ. ಅದು ರಪ್ಪನೆ ಹಿಂದಕ್ಕೆ ತಿರುಗಿ ಕಬ್ಬಿಣದ ಹಿಡಿ ನನ್ನ ಬಲ ಮುಂಗೈಗೆ ಬಡಿಯಿತು. ಊರಲ್ಲೇ ಎಲುಬು ಕಟ್ಟುವವನು ತತ್ತಿ, ಉದ್ದಿನ ಹಿಟ್ಟು ಬಳಿದು ಬಿದಿರ ಸೀಳು ಇಟ್ಟು ಕಟ್ಟಿದ. ಮೂರು ವಾರಕ್ಕೆ ಬಿಚ್ಚಿ ನೋಡಿದರೆ ಕೈ ಸೊಟ್ಟ. ಬೇರೆ ಯಾರದೋ ಕೈ ತಂದು ಅಂಟಿಸಿದ ಹಾಗಿತ್ತು. ಚಕ್ರ ತಿರುಗಿಸುವುದು ಹಾಗಿರಲಿ, ರೊಟ್ಟಿ ಮುರಿಯಲೂ ಆಗುತ್ತಿರಲಿಲ್ಲ.

ಅದೇ ವರ್ಷ ದಿನಗೂಲಿಯ ನೀರಗಂಟಿಗಳನ್ನು ಕಾಯಂ ಮಾಡುತ್ತಾರೆ ಎಂಬ ಸುದ್ದಿ ಬಂದಿತ್ತು. ಯುಗಾದಿಯ ಹೊತ್ತಿಗೆ ಸಾಹೇಬರು ಬಂದು ಒಬ್ಬೊಬ್ಬರಿಂದಲೂ ಚಕ್ರ ತಿರುಗಿಸಿ ನೋಡುತ್ತಾರೆ, ತಿರುಗಿಸಿದವನಿಗೆ ಸರಕಾರಿ ನೌಕರಿ, ಆಗದವನು ಮನೆಗೆ. ನಮ್ಮ ವಂಶದಲ್ಲಿ ನೌಕರಿ ಅನ್ನುವುದನ್ನು ಕಂಡವರಿಲ್ಲ. ನನಗೆ ಆ ಕೈ ನೆಟ್ಟಗಾಗಲೇಬೇಕಿತ್ತು. ಸಲಿಕೆಯನ್ನು ಎಡ ಹೆಗಲ ಮೇಲೆ ಇಟ್ಟುಕೊಂಡು ಸಿಂಧನೂರಿಗೆ ಹೋಗಿ, ಅಲ್ಲಿಂದ ಮಸ್ಕಿ ದಾಟಿ ಲಿಂಗಸುಗೂರಿನ ಬಸ್ಸು ಹಿಡಿದೆ.

ಲಿಂಗಸುಗೂರಿನ ಆ ಧರ್ಮಾಸ್ಪತ್ರೆಗೆ ಎಲುಬಿನ ಡಾಕ್ಟರು ಮಂಗಳವಾರ, ಶನಿವಾರ ಬರುತ್ತಿದ್ದರು. ಮುಂಚೆ ಎಲುಬಿನವರಿಗೆ ಎಂಟು ಮಂಚ ಇದ್ದವಂತೆ. ಆ ಚಳಿಗಾಲ ಹೊಸ ಜ್ವರ ಬಂದಿತ್ತು. ಹಡಗು ಹತ್ತಿ ದೇಶ ದೇಶ ಸುತ್ತಿ ಬಂದ ಜ್ವರ ಎಂದು ಪೇಪರು ಓದುವವರು ಹೇಳಿದರು. ಊರೂರಿನಿಂದ ಬಂಡಿಗಟ್ಟಲೆ ಜನ ಕೆಮ್ಮುತ್ತ ನಡುಗುತ್ತ ಬಂದು ಬಿದ್ದರು. ಎಂಟು ಮಂಚದಲ್ಲಿ ಆರು ಜ್ವರದವರಿಗೆ ಹೋದವು. ಎಲುಬು ಮುರಿದವರ ಕೈಗೆ ಒಂದೊಂದು ಚೀಟಿ ಕೊಟ್ಟು, ಅಂಗಳದ ಬೇವಿನ ಗಿಡದ ಕೆಳಗೆ ತಗಡಿನ ನೆರಳಿನಲ್ಲಿ ಕೂಡಿಸಿದರು. ವಾರಕ್ಕೆ ನಾಲ್ಕು ಜನ ಒಳಗೆ ಹೋಗುತ್ತಿದ್ದರು, ಹತ್ತು ಜನ ಹೊಸಬರು ಬರುತ್ತಿದ್ದರು.

ಅಲ್ಲಿ ಯಾರಿಗೂ ಯಾರ ಹೆಸರೂ ಬೇಕಾಗಿರಲಿಲ್ಲ. ತೊಡೆ ಮುರಿದವನು ತೊಡೆ, ಸೊಂಟ ಮುರಿದವಳು ಸೊಂಟ. ‘ಏ ಮೊಣಕೈ, ಚಾ ಕುಡೀತೀಯೇನು?’ ಎಂದು ಕೂಗುತ್ತಿದ್ದರು. ನಾನು ಮುಂಗೈ. ನನ್ನ ಪಕ್ಕ ಗೋಣಿಚೀಲದ ಮೇಲೆ ಮಲಗಿದ್ದವನು ಕಣಕಾಲು. ಪಾಮನಕಲ್ಲೂರಿನ ಕುರಿಗಾರ, ಹೆಸರು ದ್ಯಾವಪ್ಪ. ಕುರಿಗೆ ಸೊಪ್ಪು ಕಡಿಯಲು ಮರ ಹತ್ತಿ ಬಿದ್ದಿದ್ದ. ಎಲುಬು ಸೊಟ್ಟ ಕೂಡುತ್ತಿತ್ತು. ಜೊತೆಗೆ ಹೆಂಡತಿ ಆದೆಮ್ಮ ಇದ್ದಳು. ಡಾಕ್ಟರು ಅವನ ಕಾಲು ಮುಟ್ಟಿ ನೋಡಿ ಹೇಳಿದ್ದನ್ನು ನಾನು ಪಕ್ಕದಲ್ಲೇ ಕುಳಿತು ಕೇಳಿದ್ದೆ.

“ಇನ್ನ ಹದಿನೈದು ದಿನದಾಗ ಮುರಿದು ಕೂಡಿಸಬೇಕು. ಗಟ್ಟಿ ಆದರ ಆಮ್ಯಾಲೆ ನನ್ನ ಕೈಯಾಗೂ ಇಲ್ಲ.”

ದ್ಯಾವಪ್ಪ ನಕ್ಕಿದ್ದ. “ಕುರಿ ಹಿಂದ ಓಡಾಕ ಕಾಲು ಬೇಕ್ರೀ ಸಾಹೇಬ್ರ. ಕುಂತು ಕಾಯಾಕ ಕುರಿ ಏನ್ ಕೇಳ್ತಾವ?”

ಅವನು ಒಳ್ಳೆಯ ಮನುಷ್ಯ. ಇದನ್ನು ಬೇಗ ಹೇಳಿಬಿಡುವುದು ಒಳ್ಳೆಯದು. ನನ್ನ ಬಲಗೈ ನಡೆಯುತ್ತಿರಲಿಲ್ಲ ಎಂದು ಆದೆಮ್ಮ ತಂದ ರೊಟ್ಟಿಯನ್ನು ಅವನೇ ಮುರಿದು ನನ್ನ ಮುಂದೆ ಇಡುತ್ತಿದ್ದ. ನಾನು ತೂಬಿನ ಕಥೆ, ಪಾಳಿಯ ಕಥೆ, ಸಲಿಕೆ ಒತ್ತೆ ಇಡುವ ಕಥೆ ಹೇಳುತ್ತಿದ್ದೆ. ಮುದುಕಪ್ಪನನ್ನು ನಡೆಸಿದ ಕಥೆಯನ್ನು ಮಾತ್ರ ಯಾಕೋ ಹೇಳಿರಲಿಲ್ಲ. ಕಾಲುವೆ ಇಲ್ಲದ ಊರಿನವರು ಅವರು. ಗಂಡ ಹೆಂಡತಿ ಇಬ್ಬರೂ ಬಾಯಿ ತೆರೆದು ಕೇಳುತ್ತಿದ್ದರು.

“ಬರೇ ಮಾತಿನ ಮ್ಯಾಲ ನಡೀತೈತೇನು?” ಎಂದು ಆದೆಮ್ಮ ಕೇಳಿದಳು.

“ಮಾತು ಅಂದರ ಮಾತು” ಎಂದೆ. ಎದೆ ಉಬ್ಬಿಸಿಯೇ ಹೇಳಿದೆ.

ದ್ಯಾವಪ್ಪನ ಚೀಟಿ ಆ ಶನಿವಾರದ್ದು. ನನ್ನದು ಅದರ ಮುಂದಿನ ಮಂಗಳವಾರದ್ದು. ಗುರುವಾರ ಬೆಳಿಗ್ಗೆ ವಾರ್ಡಿನಲ್ಲಿ ಕೆಲಸ ಮಾಡುವ ಉಸ್ಮಾನ್‌ಸಾಬ್ ನನ್ನನ್ನು ಬಾವಿಯ ಕಟ್ಟೆಯ ಹತ್ತಿರ ಕರೆದ. ಅವನು ನಮ್ಮೂರಿನವನೇ. ಅವನ ಅಣ್ಣನ ಗದ್ದೆಗೆ ನಾನು ನೀರು ಬಿಡುತ್ತಿದ್ದೆ.

“ಯಾರ ಮುಂದೂ ಬಾಯಿ ಬಿಡಬ್ಯಾಡ ಪಂಪಣ್ಣ. ಸೋಮವಾರದಿಂದ ಎಲುಬಿನ ಮಂಚ ಎರಡೂ ಜ್ವರದವರಿಗೆ ಕೊಡಾಕತ್ತಾರ. ಡಾಕ್ಟರ್‌ಸಾಬ್‌ಗೂ ಜ್ವರದ ಡ್ಯೂಟಿ ಹಾಕ್ಯಾರ. ಶನಿವಾರದ್ದೇ ಆಖರಿ. ಜ್ವರ ಇಳಿಯೋತನಕ ಎಲುಬು ಬಂದ್. ನೀ ಬ್ಯಾರೆ ಕಡೆ ನೋಡ್ಕೊ.”

ಬೇರೆ ಕಡೆ ಎಲ್ಲಿ ನೋಡುವುದು? ಬಾವಿಯ ಕಟ್ಟೆಯ ಮೇಲೆ ಕುಳಿತೆ. ನನ್ನ ಜೇಬಿನಲ್ಲಿದ್ದ ಮಂಗಳವಾರದ ಚೀಟಿ ಈಗ ಬರಿಯ ಕಾಗದ. ಯುಗಾದಿಗೆ ಸಾಹೇಬರು ಬರುತ್ತಾರೆ, ನಾನು ಸೊಟ್ಟ ಕೈ ಹಿಡಿದು ನಿಲ್ಲುತ್ತೇನೆ, ಮುದುಕಪ್ಪ ಅಲ್ಲೇ ನಿಂತು ನೋಡುತ್ತಾನೆ. ಇದೆಲ್ಲ ಕಣ್ಣ ಮುಂದೆ ಬಂತು. ದ್ಯಾವಪ್ಪನ ಕಾಲು ಕಣ್ಣ ಮುಂದೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಬಂದರೂ ನಾನು ಎದ್ದು ಅವನ ಹತ್ತಿರ ಹೋದೆ.

“ದ್ಯಾವಪ್ಪ, ಒಂದು ಮಾತು ಕೇಳ್ತೀನಿ, ಇಲ್ಲ ಅನ್ನಬ್ಯಾಡ. ತೂಬಿನ ಮ್ಯಾಲ ನಾ ಇಲ್ಲದ ಹೊಡೆದಾಟ ಆಗ್ಯಾವಂತ ಸುದ್ದಿ ಬಂದೈತಿ. ನಾ ಲಗೂನ ಹೋಗಬೇಕು. ನಿನ್ನ ಶನಿವಾರ ನನಗ ಕೊಡು, ನನ್ನ ಮಂಗಳವಾರ ನೀ ತಗೋ. ಬರೇ ಮೂರು ದಿನದ ಅಂತರ.”

ದ್ಯಾವಪ್ಪ ಹೆಂಡತಿಯ ಮುಖ ನೋಡಿದ. ಆದೆಮ್ಮ ಅವನನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು.

“ಮಂಗಳವಾರ ಖಾತ್ರಿ ಐತೇನಣ್ಣ?”

“ಖಾತ್ರಿ” ಎಂದೆ.

ಒಂದೇ ಮಾತು. ತೊದಲಲಿಲ್ಲ, ಕಣ್ಣು ತಗ್ಗಿಸಲಿಲ್ಲ. ಇಷ್ಟು ವರ್ಷದಿಂದ ಆ ಒಂದು ಮಾತನ್ನು ಬೇರೆ ಥರ ಆಡಿ ನೋಡುತ್ತಿದ್ದೇನೆ. ‘ಇಲ್ಲ’ ಅಂದಿದ್ದರೆ, ‘ಗೊತ್ತಿಲ್ಲ’ ಅಂದಿದ್ದರೆ. ಏನೂ ಪ್ರಯೋಜನವಿಲ್ಲ, ಆಡಿಯಾಗಿತ್ತು.

“ಮೂರು ದಿನದಾಗ ಕಾಲೇನು ಓಡಿ ಹೋಗ್ತೈತಾ” ಎಂದು ದ್ಯಾವಪ್ಪ ಚೀಟಿ ತೆಗೆದುಕೊಟ್ಟ. ಕೊಟ್ಟವನು ಅಷ್ಟಕ್ಕೆ ಸುಮ್ಮನಾಗಬಾರದೇ? ನನ್ನ ಸಲಿಕೆಯ ಕಡೆ ಬೆರಳು ತೋರಿಸಿ ನಕ್ಕ. “ನಿಮ್ಮ ಕಟ್ಟಳಿ ಪ್ರಕಾರ ಅದನ್ನ ಒತ್ತೆ ಇಡಬೇಕಲ್ಲಪ್ಪ ಈಗ.”

ಅವನಿಗೆ ಅದು ತಮಾಷೆ. ನಾನು ನಗಲೇಬೇಕಾಯಿತು. ಎಡಗೈಯಲ್ಲಿ ಸಲಿಕೆ ಎತ್ತಿ ಅವನ ಗೋಣಿಚೀಲದ ಪಕ್ಕ ಇಟ್ಟೆ. ಉಸ್ಮಾನ್‌ಸಾಬ್‌ಗೆ ಚೀಟಿ ಬದಲಾದದ್ದು ತಿಳಿದಾಗ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. “ಇಬ್ಬರೂ ಒಪ್ಪಿದ್ರ ನಾ ಯಾರು ಕೇಳಾಕ” ಎಂದು ಒಳಗೆ ಹೋದ.

ಶನಿವಾರ ನನ್ನ ಕೈಯನ್ನು ಮುರಿದು ನೆಟ್ಟಗೆ ಕೂಡಿಸಿ ಪ್ಲಾಸ್ಟರ್ ಹಾಕಿದರು. ಭಾನುವಾರ ಮುಂಜಾನೆ ದ್ಯಾವಪ್ಪ ಮಲಗಿದ್ದ ಕಡೆ ಹೋಗದೆ, ಆಸ್ಪತ್ರೆಯ ಹಿಂದಿನ ಗೇಟಿನಿಂದ ಹೊರಗೆ ಬಂದು ಬಸ್ಸು ಹತ್ತಿದೆ. ಸಲಿಕೆ ಇಲ್ಲದ ಹೆಗಲು ದಾರಿಯುದ್ದಕ್ಕೂ ಹಗುರವಾಗಿತ್ತು, ನನಗೆ ಅದು ಚೆನ್ನಾಗಿ ನೆನಪಿದೆ.

ಆರು ವಾರ ಕಳೆದು ಪ್ಲಾಸ್ಟರ್ ಬಿಚ್ಚಿಸಲು ಹೋದಾಗ ಬೇವಿನ ಗಿಡದ ಕೆಳಗೆಲ್ಲ ಜ್ವರದವರೇ ಇದ್ದರು. ನಾನು ಕೇಳದಿದ್ದರೂ ಉಸ್ಮಾನ್‌ಸಾಬ್ ಹೇಳಿದ. ಮಂಗಳವಾರ ದ್ಯಾವಪ್ಪ ಬೆಳಿಗ್ಗೆಯೇ ಸ್ನಾನ ಮಾಡಿ, ಉಣ್ಣದೆ, ನನ್ನ ಚೀಟಿ ಹಿಡಿದು ಬಾಗಿಲಿಗೆ ಬಂದು ಕುಳಿತಿದ್ದನಂತೆ. ಎಲುಬು ಬಂದ್ ಎಂದರೂ ಸಂಜೆಯವರೆಗೆ ಏಳಲಿಲ್ಲವಂತೆ. ಆಮೇಲೆ ಎರಡು ಸಲ ಬಂಡಿ ಕಟ್ಟಿಸಿಕೊಂಡು ಬಂದು ಪಾಳಿ ಶುರುವಾಯಿತೇ ಎಂದು ಕೇಳಿ ಹೋಗಿದ್ದಾನೆ.

“ನಿನಗ ಮೊದಲs ಹೇಳಿದ್ದು ಅಂವಗ ಹೇಳಿಲ್ಲ ನಾ” ಎಂದ ಉಸ್ಮಾನ್‌ಸಾಬ್. “ನನಗೂ ನಾಚಿಕಿ ಬಂತು.”

ಬೇಸಿಗೆಯಲ್ಲಿ ಎಲುಬಿನ ಮಂಚ ತಿರುಗಿ ಬಂದಾಗ ದ್ಯಾವಪ್ಪನ ಕಾಲು ಗಟ್ಟಿಯಾಗಿತ್ತು. ಡಾಕ್ಟರು ಕೈ ಚೆಲ್ಲಿದರಂತೆ. ಅಷ್ಟರಲ್ಲಿ ಯುಗಾದಿ ಆಗಿಹೋಗಿತ್ತು. ಸಾಹೇಬರು ಬಂದು, ನಾನು ಚಕ್ರವನ್ನು ಬಲಗೈಯಿಂದ ತಿರುಗಿಸಿ, ಶಭಾಶ್ ಅನ್ನಿಸಿಕೊಂಡು ಸರಕಾರಿ ನೌಕರನಾಗಿದ್ದೆ. ಹೆಂಡತಿ ಹೋಳಿಗೆ ಮಾಡಿದ್ದಳು. ಹೊಟ್ಟೆನೋವು ಎಂದು ಹೇಳಿ ಉಣ್ಣದೆ ಮಲಗಿದೆ.

ಒಮ್ಮೆ ಮನಸ್ಸು ಗಟ್ಟಿ ಮಾಡಿ ಪಾಮನಕಲ್ಲೂರಿಗೆ ಹೊರಟೆ. ಕಾಲಿಗೆ ಬಿದ್ದು ಹೇಳಿಬಿಡೋಣ ಎಂದೇ ಹೊರಟದ್ದು. ಮಸ್ಕಿಯಲ್ಲಿ ಬಸ್ಸು ಇಳಿದರೆ ಅವತ್ತು ಸಂತೆ. ಕುರಿ ಕಟ್ಟಿದ ಸಾಲಿನ ಕೊನೆಯಲ್ಲಿ ಅವನು ನಡೆದು ಬರುತ್ತಿದ್ದ. ಒಂದು ಕಾಲು ಹೊರಗೆ ಬಾಗಿತ್ತು. ಪ್ರತಿ ಹೆಜ್ಜೆಗೂ ಮೈಯೆಲ್ಲ ಒಂದು ಕಡೆ ವಾಲಿ ಮತ್ತೆ ನೆಟ್ಟಗಾಗುತ್ತಿತ್ತು. ಊರಿಕೊಂಡದ್ದು ನನ್ನ ಸಲಿಕೆ. ಕಬ್ಬಿಣದ ಭಾಗವನ್ನು ಮೇಲೆ ಮಾಡಿ ಅಂಗೈಯಲ್ಲಿ ಹಿಡಿದು, ಕಾವನ್ನು ನೆಲಕ್ಕೆ ಊರಿ ನಡೆಯುತ್ತಿದ್ದ. ಮುಂದೆ ಆದೆಮ್ಮ ಕುರಿ ಹೊಡೆಯುತ್ತಿದ್ದಳು. ಓಡುವ ಕೆಲಸ ಈಗ ಅವಳದು.

ನಾನು ಹತ್ತಿಯ ಬಂಡಿಯ ಹಿಂದೆ ಅಡಗಿದೆ. ಅವರು ದಾಟಿ ಹೋಗುವವರೆಗೆ ತಲೆ ಎತ್ತಲಿಲ್ಲ. ಆಮೇಲೆ ಬಂದ ಬಸ್ಸಿಗೇ ತಿರುಗಿ ಊರಿಗೆ ಬಂದೆ. ಮೂವತ್ತೆಂಟು ವರ್ಷದ ಗಂಡಸು, ಊರಿಗೆಲ್ಲ ನ್ಯಾಯ ಹೇಳುವವನು, ಕಳ್ಳನ ಹಾಗೆ ಬಂಡಿಯ ಹಿಂದೆ ಕುಕ್ಕರಿಸಿದ್ದೆ. ಅವತ್ತಿನಿಂದ ತೂಬಿನ ಮೇಲೆ ನನ್ನ ದನಿ ಏಳುತ್ತಿರಲಿಲ್ಲ. ಪಂಪಣ್ಣ ನೌಕರಿಯಾದ ಮೇಲೆ ತಣ್ಣಗಾದ ಎಂದರು ಜನ. ನೌಕರಿಯಿಂದ ಬಂದ ಗಾಂಭೀರ್ಯ ಎಂದುಕೊಂಡರು. ನಿನ್ನ ಸಲಿಕೆ ಎಲ್ಲಿ ಎಂದು ಕೇಳಿದವರಿಗೆ ಬಸ್ಸಿನಲ್ಲಿ ಕಳೆದುಹೋಯಿತು ಎಂದು ಹೇಳಿದ್ದೆ.

ಮೂರು ವರ್ಷ ಕಳೆದವು. ಬೇಸಿಗೆ ಬೆಳೆಗೆ ನೀರು ಬಿಡುವ ಕಾಲ, ಬೆಳಗಿನ ಹತ್ತು ಗಂಟೆ. ತೂಬಿನ ಹತ್ತಿರ ಹದಿನೈದು ಇಪ್ಪತ್ತು ಜನ ತಂತಮ್ಮ ಪಾಳಿಗೆ ಕಾದು ನಿಂತಿದ್ದರು. ಅಮರಮ್ಮ ಇದ್ದಳು, ಮುದುಕಪ್ಪನೂ ಇದ್ದ. ಕಾಲುವೆಯ ದಂಡೆಯ ಮೇಲೆ ಒಬ್ಬ ಮನುಷ್ಯ ವಾಲಾಡುತ್ತ ಬರುವುದು ಕಾಣಿಸಿತು. ಮುಖ ಕಾಣುವ ಮೊದಲೇ ನನಗೆ ಗೊತ್ತಾಯಿತು. ಓಡಲು ಜಾಗವಿರಲಿಲ್ಲ, ಒಂದು ಕಡೆ ನೀರು, ಒಂದು ಕಡೆ ಜನ.

ದ್ಯಾವಪ್ಪ ಬಂದವನೇ ನೆಲದ ಮೇಲೆ ಕುಳಿತು ಬೆವರು ಒರೆಸಿಕೊಂಡ. ನನ್ನನ್ನು ನೋಡಿ ಹಲ್ಲೆಲ್ಲ ಕಾಣುವ ಹಾಗೆ ನಕ್ಕ.

“ಏ ಮುಂಗೈ! ಹೆಂಗೈತಿ ಕೈ?”

ನಾನು ನನ್ನ ಬಲಗೈಯನ್ನೇ ನೋಡಿಕೊಂಡೆ. ಅವನೇ ಮುಂದುವರಿಸಿದ.

“ಹೋದ ವಾರ ಸಿಂಧನೂರಾಗ ಕುರಿ ಮಾರಾಕ ಬಂದಿದ್ದೆ. ಈ ಮುದುಕಪ್ಪ ಕಾವಿನ ಮ್ಯಾಲಿನ ಗುರುತು ನೋಡಿ ಗಪ್ಪನ ಹಿಡಕೊಂಡ. ಇದು ಪಂಪಣ್ಣನ ಸಲಿಕಿ, ನಿನ್ನ ಹತ್ತಿರ ಯಾಕೈತಿ ಅಂದ. ಒತ್ತೆ ಇಟ್ಟಾನ ಅಂದೆ. ಹಂಗಾರ ಅಂವ ನಿನಗ ಪಾಳಿ ಕೊಡಬೇಕು, ಸಲಿಕಿ ಹೊರಗ ಉಳದರ ನಮ್ಮೂರಾಗ ಭಾಳ ಅವಮಾನ, ತಲಿ ಮ್ಯಾಲ ಹೊರಸ್ತಾರ ಅಂದ. ನನಗ ಇದೆಲ್ಲಿ ಗೊತ್ತು? ನಾ ಊರುಗೋಲು ಮಾಡ್ಕೊಂಡು ಅಡ್ಡಾಡಾಕತ್ತೀನಿ, ಇಲ್ಲಿ ನಿನ್ನ ಮಾನ ಹೋಗಾಕತ್ತೈತಿ. ಅದಕ್ಕs ತಂದೀನಿ.”

ಆಮೇಲೆ ದನಿ ತಗ್ಗಿಸಿ ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದ. “ಆ ಜ್ವರ ಹಂಗ ಏಕಾಏಕಿ ಬಾಗಲಾ ಹಾಕಸ್ತೈತಿ ಅಂತ ನಿನಗರ ಏನ್ ಗೊತ್ತಿತ್ತು ಬಿಡು. ಆದೆಮ್ಮಗೂ ಅದನ್ನs ಹೇಳೀನಿ.”

ಆಗಲೇ ಹೇಳಬೇಕಿತ್ತು. ಗೊತ್ತಿತ್ತು ದ್ಯಾವಪ್ಪ, ಗುರುವಾರವೇ ಗೊತ್ತಿತ್ತು ಎನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ನಾನು ಸುತ್ತ ನಿಂತ ಜನರ ಮುಖ ನೋಡುತ್ತಿದ್ದೆ.

ಮುದುಕಪ್ಪ ಎರಡು ಹೆಜ್ಜೆ ಮುಂದೆ ಬಂದ. ಅವನ ಕಣ್ಣು ದ್ಯಾವಪ್ಪನ ಸೊಟ್ಟ ಕಾಲಿನ ಮೇಲಿತ್ತು, ಆಮೇಲೆ ನನ್ನ ನೆಟ್ಟಗಿನ ಕೈಯ ಮೇಲೆ. ಅವನು ದಡ್ಡನಲ್ಲ. ಕಟ್ಟಳೆಯ ಪ್ರಕಾರ ಕೇಳಬೇಕಾದ ಮಾತನ್ನು ಎಲ್ಲರಿಗೂ ಕೇಳುವ ಹಾಗೆ ಕೇಳಿದ.

“ಪಾಳಿ ಮುಟ್ಟೈತೇನಪ್ಪ?”

ದ್ಯಾವಪ್ಪ ತನ್ನ ಕಾಲನ್ನು ಎರಡೂ ಕೈಯಿಂದ ಎತ್ತಿ, ಪಂಚೆಯ ಅಂಚಿನಿಂದ ಅದನ್ನು ಮುಚ್ಚಿಕೊಂಡ.

“ಮುಟ್ಟೈತಿ” ಎಂದ.

“ಖಾತ್ರಿ?” ಎಂದ ಮುದುಕಪ್ಪ.

“ಖಾತ್ರಿ.”

ಪಂಪಣ್ಣನ ಪಾಳಿ ಅಂದರ ಪಾಳಿ ನೋಡು ಎಂದು ಹಿಂದಿನಿಂದ ಯಾರೋ ಅಂದರು. ಅಮರಮ್ಮ ಹೌದೆಂದು ತಲೆಯಾಡಿಸಿದಳು.

ದ್ಯಾವಪ್ಪ ಸಲಿಕೆಯನ್ನು ನನ್ನ ಕಡೆ ಚಾಚಿದ. ಬಲಗೈಯಲ್ಲಿ ತೆಗೆದುಕೊಂಡೆ. ಅವನ ಅಂಗೈ ತಿಕ್ಕಿ ತಿಕ್ಕಿ ಕಬ್ಬಿಣ ನುಣ್ಣಗಾಗಿತ್ತು. ಕಾವಿನ ತುದಿ ನೆಲಕ್ಕೆ ಊರಿ ಊರಿ ನಾಲ್ಕು ಬೆರಳಿನಷ್ಟು ಸವೆದಿತ್ತು. ತಿರುಗಿ ಹೋಗಲು ಊರಿಕೊಳ್ಳಲು ಅವನಿಗೆ ಈಗ ಏನೂ ಇಲ್ಲ ಎಂಬುದು ಆಗ ಹೊಳೆಯಿತು. ಅಷ್ಟರಲ್ಲಿ ಮುದುಕಪ್ಪ ತನ್ನ ಕೈಕೋಲನ್ನು ಅವನಿಗೆ ಕೊಟ್ಟು, ರಟ್ಟೆ ಹಿಡಿದು ಎಬ್ಬಿಸಿ, ಬಸ್ಸಿನ ದಾರಿಯವರೆಗೆ ಬಿಟ್ಟು ಬರುತ್ತೇನೆ ಎಂದು ಜೊತೆಗೆ ಹೊರಟಿದ್ದ. ಇಬ್ಬರೂ ದಂಡೆಯ ಮೇಲೆ ನಿಧಾನವಾಗಿ ಹೋಗುತ್ತಿದ್ದರು. ಜನ ನನ್ನನ್ನೇ ನೋಡುತ್ತಿದ್ದರು. ಸಲಿಕೆಯನ್ನು ನಾನು ತಲೆಯ ಮೇಲೆ ಇಟ್ಟುಕೊಳ್ಳಬೇಕಿತ್ತು. ಹೆಗಲ ಮೇಲೆ ಇಟ್ಟುಕೊಂಡೆ.